ಎನ್ ಅಕ್ಷರಕ್ಕೆ ಸುತ್ತು ಹಾಕಿದ ದಿನಗಳು

2020ರ ಏಪ್ರಿಲ್‌ನಲ್ಲಿ ಕಾಲೇಜು ಮುಚ್ಚಿ, ನಾನು ಹಾಸನದಿಂದ ಸಕಲೇಶಪುರದ ಕಡೆಯ ನಮ್ಮ ತೋಟದ ಮನೆಗೆ ಬಂದಿದ್ದೆ. ಎಂಎಸ್ಸಿ ಜೀವರಸಾಯನಶಾಸ್ತ್ರದ ಮಕ್ಕಳಿಗೆ ಗ್ಲೈಕೋಪ್ರೋಟೀನಿನ, ಅಂದರೆ ಸಕ್ಕರೆ ಅಂಟಿದ ಪ್ರೋಟೀನಿನ, ಪಾಠ ಅರ್ಧಕ್ಕೆ ನಿಂತಿತ್ತು. ಎಲ್ಲ ಪತ್ರಿಕೆಗಳಲ್ಲೂ ಬೂದು ಚೆಂಡಿಗೆ ಕೆಂಪು ಮೊಳೆ ಹೊಡೆದಂಥ ಕೊರೊನಾ ವೈರಾಣುವಿನ ಚಿತ್ರ. ಆ ಮೊಳೆಗಳು ಬೋಳಾಗಿಲ್ಲ, ಮೈತುಂಬ ಸಕ್ಕರೆಯ ಸರಪಳಿ ಹೊದ್ದಿವೆ ಎಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳಲಿ ಎಂದು ನನಗೆ ಹಟ ಬಂತು.

ಮನೆಯಲ್ಲಿ ಪ್ರಿಂಟರ್ ಇರಲಿಲ್ಲ. ಕಾಫಿ ಕಣದ ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್ ಸಿಗುತ್ತಿತ್ತು. ಅಲ್ಲಿ ಕುಳಿತು ಆ ಮೊಳೆಯ, ಅಂದರೆ ಸ್ಪೈಕ್ ಪ್ರೋಟೀನಿನ, 1273 ಅಮೈನೋ ಆಮ್ಲಗಳನ್ನೂ ಒಂದಕ್ಕೊಂದು ಅಕ್ಷರದಂತೆ ಚೌಕುಳಿ ಪುಸ್ತಕಕ್ಕೆ ಬರೆದುಕೊಂಡೆ. ಸಾಲಿಗೆ 60ರಂತೆ 21 ಸಾಲು ತುಂಬಿ 13 ಅಕ್ಷರ ಉಳಿದವು. ಮಕ್ಕಳಿಗೂ ಕೈಯಲ್ಲೇ ಬರೆಯಲು ಹೇಳಿದೆ. ಕಂಪ್ಯೂಟರ್ ಈ ಹುಡುಕಾಟವನ್ನು ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತದೆ, ನಿಜ. ಆದರೆ ಬೆರಳು ಸವೆಸಿ ಕಲಿತದ್ದು ಬೇರೆಯೇ.

ನಿಯಮ ಸರಳ. ಎನ್ ಎಂದರೆ ಆಸ್ಪರಜಿನ್. ಅದನ್ನೂ ಸೇರಿಸಿ ಎಣಿಸಿದರೆ ಮೂರನೆಯ ಮನೆಯಲ್ಲಿ ಎಸ್ ಅಥವಾ ಟಿ, ಅಂದರೆ ಸೆರಿನ್ ಅಥವಾ ಥ್ರಿಯೊನಿನ್ ಇರಬೇಕು. ನಡುವೆ ಪ್ರೋಲಿನ್ ಇರಬಾರದು. ಅಂಥ ಎನ್‌ಗೆ ಸಕ್ಕರೆ ಅಂಟಬಹುದು. ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕುತ್ತ ಹೋದೆ. ಹತ್ತೊಂಬತ್ತು ಸಿಕ್ಕವು.

ಮರುದಿನ ಅರಕಲಗೂಡು ಕಡೆಯ ವಿದ್ಯಾರ್ಥಿನಿ ಫೋನ್ ಮಾಡಿದಳು. "ಮೇಡಂ, ನನಗೆ ಇಪ್ಪತ್ತೆರಡು ಬರುತ್ತಿದೆ. ಮೂರು ಸಲ ಎಣಿಸಿದೆ."

ಅವಳದೇ ಸರಿ. ಈ ಅಕ್ಷರಗಳ ಸರಪಳಿಯಲ್ಲಿ ಅಲ್ಲಲ್ಲಿ ಎರಡು ಎನ್‌ಗಳು ಅಕ್ಕಪಕ್ಕ ಕುಳಿತಿವೆ. 657, 709, 1134ನೇ ಮನೆಗಳಲ್ಲಿ ಜೋಡಿಯ ಮೊದಲನೆಯದಕ್ಕೆ ನಿಯಮ ಹೊಂದುತ್ತದೆ. 121-122, 148-149, 164-165ರ ಜೋಡಿಗಳಲ್ಲಿ ಹೊಂದುವುದು ಎರಡನೆಯದಕ್ಕೆ. ನಾನು ಮೊದಲನೆಯದನ್ನು ನೋಡಿ, ಇಲ್ಲವೆಂದು ಜೋಡಿಯನ್ನೇ ದಾಟಿಬಿಟ್ಟಿದ್ದೆ. ಬಿಟ್ಟುಹೋದ ಮೂರರಲ್ಲಿ 165 ಎಂಥ ತಾಣವೆಂದು ಆಗ ನನಗೆ ಗೊತ್ತಿರಲಿಲ್ಲ. ಆ ಹುಡುಗಿಯ ತಾಳ್ಮೆಗೆ ನಾನು ಇಂದಿಗೂ ಋಣಿ.

ಇಂಥ ಮೂರು ಪ್ರೋಟೀನ್ ಸರಪಳಿ ಹೆಣೆದು ಒಂದು ಸ್ಪೈಕ್ ಆಗುವುದರಿಂದ ಒಟ್ಟು 66 ತಾಣಗಳು. ನಿಯಮ ಹೊಂದಿದ ಮಾತ್ರಕ್ಕೆ ಸಕ್ಕರೆ ಇದ್ದೇ ಇರುತ್ತದೆ ಎಂದಲ್ಲ. ಅದನ್ನು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಹೇಳಬೇಕು. ಸೌತಾಂಪ್ಟನ್‌ನ ಮ್ಯಾಕ್ಸ್ ಕ್ರಿಸ್ಪಿನ್ ಅವರ ತಂಡ ಅದೇ ಮೇ ತಿಂಗಳಲ್ಲಿ ತಾಣ ತಾಣದ ಸಕ್ಕರೆಯ ಬಗೆಯನ್ನು ಪ್ರಕಟಿಸಿದಾಗ ನಮ್ಮ ಪುಸ್ತಕದ ಅಂಚಿನಲ್ಲಿ ಒಂದೊಂದಾಗಿ ಗುರುತು ಹಾಕಿಕೊಂಡೆವು. ಈ ಸಕ್ಕರೆಯನ್ನು ಕಟ್ಟುವ ಜೀನ್ ವೈರಾಣುವಿನಲ್ಲಿ ಇಲ್ಲವೇ ಇಲ್ಲ. ನಮ್ಮ ಜೀವಕೋಶದ ಕಿಣ್ವಗಳೇ 14 ಸಕ್ಕರೆಗಳ ಗೊಂಚಲನ್ನು ಅಂಟಿಸಿ, ಸವರಿ, ತಿದ್ದಿ ಕಳಿಸುತ್ತವೆ. ನಮ್ಮದೇ ಬಟ್ಟೆ ತೊಟ್ಟು ಬಂದವನನ್ನು ನಮ್ಮ ಪ್ರತಿಕಾಯಗಳು ಗುರುತಿಸುವುದು ಕಷ್ಟ.

ನಂತರ ಸ್ಪೈಕ್‌ನ ಮೂರು ಆಯಾಮದ ರಚನೆ, 6ವಿಎಸ್‌ಬಿ ಎಂಬ ಕಡತವನ್ನು ಲ್ಯಾಪ್‌ಟಾಪಿನಲ್ಲಿ ತೆರೆದೆ. ಮೊದಲ ನೋಟಕ್ಕೆ ನಿರಾಸೆಯಾಯಿತು. ಸಕ್ಕರೆಗಳು ಬುಡದಲ್ಲಿ ಒಂದೆರಡು ಮಾತ್ರ. ಕೆಲವು ತಾಣ ಪೂರ್ತಿ ಖಾಲಿ. ಅಪ್ಪ ಆಗ ಅಂಗಳದಾಚೆ ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಕಟ್ಟಿಸುತ್ತಿದ್ದರು. ಬುಡದ ಬಳ್ಳಿ ಕಾಂಡಕ್ಕೆ ಕಚ್ಚಿ ನಿಂತಿತ್ತು, ತುದಿ ಗಾಳಿಗೆ ಹೊಯ್ದಾಡುತ್ತಿತ್ತು. ಈ ರಚನೆಯನ್ನು ಕೊಟ್ಟ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಸಾವಿರಾರು ಕಣಗಳ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆಯುತ್ತದೆ. ಹೊಯ್ದಾಡುವ ತುದಿ ಅದರಲ್ಲಿ ಮಸುಕಾಗಿ ಅಳಿಸಿಹೋಗುತ್ತದೆ. ಮರುದಿನದ ತರಗತಿಯಲ್ಲಿ ಫೋನನ್ನು ಆ ಬಳ್ಳಿಯ ಕಡೆಗೇ ತಿರುಗಿಸಿ ತೋರಿಸಿದೆ.

ಹಾಸನಕ್ಕೆ ಮರಳಿದ ಮೇಲೆ ಚಾರ್ಮ್-ಜಿಯುಐ ಎಂಬ ಜಾಲತಾಣದ ಸಲಕರಣೆಯಿಂದ ಕಾಣೆಯಾದ ಸಕ್ಕರೆಗಳನ್ನು ಕಟ್ಟಿದೆವು. 234ಕ್ಕೆ ಮ್ಯಾನೋಸ್ ಎಂಬ ಸಕ್ಕರೆ ತುಂಬಿದ ಗೊಂಚಲು, 165ಕ್ಕೆ ಇನ್ನೊಂದು. ಸ್ಪೈಕ್‌ನ ಹಿಡಿಕೈ, ಅಂದರೆ ನಮ್ಮ ಜೀವಕೋಶವನ್ನು ಹಿಡಿಯುವ ಭಾಗ, ಮೇಲೆದ್ದಾಗ ಕೆಳಗೆ ಉಂಟಾಗುವ ಪೊಳ್ಳಿನಲ್ಲಿ 234ರ ಗೊಂಚಲು ಹೋಗಿ ನಿಲ್ಲುತ್ತದೆ. ರೋಮಿ ಅಮಾರೊ ಅವರ ತಂಡ ಇದನ್ನು ಗಣಕದಲ್ಲಿ ಚಲಿಸಿ ನೋಡಿತ್ತು. ಪ್ರಯೋಗದಲ್ಲಿ ಆ ಎರಡು ತಾಣಗಳ ಆಸ್ಪರಜಿನ್ ಬದಲಿಸಿದಾಗ ಸ್ಪೈಕ್ ಗ್ರಾಹಕವನ್ನು, ಅಂದರೆ ನಮ್ಮ ಜೀವಕೋಶದ ಮೇಲೆ ವೈರಾಣು ಅಂಟುವ ಪ್ರೋಟೀನನ್ನು, ಹಿಡಿಯುವುದು ಕಡಿಮೆಯಾಯಿತು. ಅಂದರೆ ಸಕ್ಕರೆ ಬರೀ ಹೊದಿಕೆಯಲ್ಲ, ಊರುಗೋಲು ಕೂಡ.

ಗ್ರಾಹಕದ ಕಥೆ ತಿರುವುಮುರುವು. ಆ ಗ್ರಾಹಕ ನಮ್ಮ ಎಸಿಇ2 ಪ್ರೋಟೀನ್. ಅದರ 805 ಅಕ್ಷರಗಳಲ್ಲಿ ಇಂಥ ತಾಣ ಏಳು. ಅವುಗಳಲ್ಲಿ 90ರ ಸಕ್ಕರೆ ವೈರಾಣು ಹಿಡಿಯುವ ಜಾಗಕ್ಕೆ ಅಡ್ಡ ಬರುತ್ತದೆ. 92ರ ಥ್ರಿಯೊನಿನ್ ಬದಲಾದರೆ ಆ ಸಕ್ಕರೆ ಹೋಗಿ ಸ್ಪೈಕ್‌ನ ಹಿಡಿತ ಬಿಗಿಯಾಗುತ್ತದೆ.

ಆ ಚೌಕುಳಿ ಪುಸ್ತಕ ಈಗಲೂ ನನ್ನ ಮೇಜಿನ ಮೇಲಿದೆ. ವೈರಾಣುವಿನ ಡೆಲ್ಟಾ ರೂಪಾಂತರಿ ಬಂದಾಗ ಸ್ಪೈಕಿನ 19ರ ಟಿ ಹೋಗಿ ಆರ್ ಆಯಿತು. 17ರ ಸುತ್ತನ್ನು ಅಳಿಸಿದೆವು. 2023ರ ಬಿಎ.2.86 ರೂಪಾಂತರಿಯಲ್ಲಿ 356ರ ಕೆ ಹೋಗಿ ಟಿ ಬಂದಿತು. ಅಷ್ಟು ಹೊತ್ತಿಗೆ ಹೊಸ ತಂಡದ ಮಕ್ಕಳಿದ್ದರು. ಏನೂ ಹೇಳದೆ ಪುಸ್ತಕ ಮುಂದಿಟ್ಟೆ. ಒಬ್ಬ ಹುಡುಗ ಎರಡು ಮನೆ ಹಿಂದಕ್ಕೆ ಬೆರಳು ಸರಿಸಿ, 354ರ ಎನ್‌ಗೆ ಹೊಸ ಸುತ್ತು ಹಾಕಿದ.