ಒಂದೇ ಒಡಲು, ಮೂರು ಕ್ಯಾಪ್ಸೂಲ್

ಎರಡು ಮೈಕ್ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಯಾವುದು ದನಿ ಹಿಡಿಯುವ ಭಾಗವಾದ ಕ್ಯಾಪ್ಸೂಲಿನ ಗುಣ, ಯಾವುದು ಸರ್ಕ್ಯೂಟಿನ ಗುಣ ಎಂದು ಗೊತ್ತಾಗುವುದಿಲ್ಲ. ಕನ್ನಡ ಆಡಿಯೋ ಪುಸ್ತಕ ಓದುವ ನನಗೆ ಅದು ಗೊತ್ತಾಗಲೇಬೇಕಿತ್ತು. ಹಾಗಾಗಿ ಒಂದೇ ಕಂಡೆನ್ಸರ್ ಮೈಕಿನೊಳಗೆ ಕೆ67, ಕೆ47, ಸಿಕೆ12 ಮಾದರಿಯ ಕ್ಯಾಪ್ಸೂಲುಗಳನ್ನು ಒಂದೊಂದಾಗಿ ಬೆಸೆದು ನೋಡಿದೆ. ಕೇಬಲಿನಲ್ಲೇ ಮೈಕಿಗೆ ಬರುವ ವಿದ್ಯುತ್ತನ್ನು, ಅಂದರೆ ಫ್ಯಾಂಟಮ್ ಪವರನ್ನು ತೆಗೆದು, ಸ್ವಲ್ಪ ಹೊತ್ತು ಬಿಟ್ಟೇ ಕೈ ಹಾಕಬೇಕು. ದನಿಗೆ ಕಂಪಿಸುವ ಪೊರೆ, ಅಂದರೆ ಡಯಾಫ್ರಂ, ಕೆಲವೇ ಮೈಕ್ರಾನ್ ದಪ್ಪ, ಬೆರಳು ಸೋಕಲೇಬಾರದು.

ಓದಲು ಶ, ಷ, ಸ, ಭ, ಫ, ಳ, ಣ ತುಂಬಿದ ಒಂದು ಪ್ಯಾರಾ ಬರೆದುಕೊಂಡೆ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರ, ನಡುವೆ ಉಸಿರಿನ ಹೊಡೆತ ತಡೆಯುವ ಪಾಪ್ ಫಿಲ್ಟರ್. ಎದುರಿನ ದನಿಯನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್‌ನಲ್ಲಿ ಹತ್ತಿರ ಹೋದಷ್ಟೂ ಮಂದ್ರ ಉಬ್ಬುವುದರಿಂದ ಅಂತರ ಕದಲಿದರೆ ಹೋಲಿಕೆಗೆ ಅರ್ಥವಿಲ್ಲ. ಮೂರೂ ರೆಕಾರ್ಡಿಂಗ್‌ಗಳ ಸರಾಸರಿ ಲೌಡ್‌ನೆಸ್ ಸರಿದೂಗಿಸಿದ ಮೇಲೆಯೇ ಕೇಳಿದೆ. ಒಂದು ಡೆಸಿಬಲ್ ಜೋರಿದ್ದರೂ ಸಾಕು, ಕಿವಿ ಅದನ್ನೇ ಚೆಂದ ಎನ್ನುತ್ತದೆ.

ಕೆ67ರಲ್ಲಿ ‘ಸ’ ಸೂಜಿಯಂತೆ ಚುಚ್ಚಿತು. ಇದು ಕ್ಯಾಪ್ಸೂಲಿನ ದೋಷವಲ್ಲ. ಅದರ ತಾರ ದನಿಗಳ ಮೇಲ್‌ಸ್ತರ ಹುಟ್ಟಿನಿಂದಲೇ ಏರಿರುತ್ತದೆ. ಜರ್ಮನ್ ಕಂಪನಿ ನಾಯ್‌ಮನ್‌ನ ಯು 67 (1960), ಯು 87 (1967) ಮೈಕುಗಳ ಸರ್ಕ್ಯೂಟು ಬೇಕೆಂದೇ ಅದನ್ನು ಇಳಿಸುತ್ತದೆ. ಅಗ್ಗದ ಎಷ್ಟೋ ಮೈಕುಗಳು ಕ್ಯಾಪ್ಸೂಲನ್ನು ನಕಲು ಮಾಡಿ ಆ ಇಳಿಸುವ ಭಾಗವನ್ನು ಕೈಬಿಡುತ್ತವೆ. ನನ್ನ ಮೈಕಿನ ಸರ್ಕ್ಯೂಟೂ ಸಪಾಟು, ಏನನ್ನೂ ಇಳಿಸದು. ಒಂದು ಮಟ್ಟದ ಮೇಲಿನ ದನಿಯನ್ನೆಲ್ಲ ಒಟ್ಟಿಗೆ ಏರಿಳಿಸುವ ಹೈ ಶೆಲ್ಫ್ ಈಕ್ಯೂನಲ್ಲಿ ಮೇಲ್‌ಸ್ತರವನ್ನು ಮೆಲ್ಲಗೆ ತಗ್ಗಿಸಿದಾಗ ಅದೇ ಕ್ಯಾಪ್ಸೂಲ್ ಎಷ್ಟು ಸೌಮ್ಯವಾಯಿತೆಂದರೆ, ಮೊದಲೇ ‘ಸ’ಕಾರದ ಚುಚ್ಚು ತಗ್ಗಿಸುವ ಡಿ-ಎಸ್ಸರ್‌ಗೆ ಕೈ ಹಾಕುವವರಿಗೆಲ್ಲ ಇದನ್ನು ಕೇಳಿಸಬೇಕು ಅನ್ನಿಸಿತು.

ಸಿಕೆ12 ಮಾದರಿಯಲ್ಲಿ ಹರವು, ಗಾಳಿಯಾಡಿದಂಥ ಹಗುರ ಎರಡೂ ಇದ್ದವು. ಹಾಡಿಗೆ ಸೊಗಸು. ಗಂಟೆಗಟ್ಟಲೆಯ ಓದಿಗೆ ಬೇಡ: ತುಟಿ ಬಿಡಿಸಿದ ಸದ್ದು, ಉಸಿರು ಎಲ್ಲವೂ ಮುಂದೆ ಬಂದು ನಿಲ್ಲುತ್ತವೆ.

ಕೆ47ರ ಎರಡು ಡಯಾಫ್ರಂಗಳಿಗೂ ನಡುವೆ ಒಂದೇ ಲೋಹದ ತಟ್ಟೆ, ಅಂದರೆ ಬ್ಯಾಕ್‌ಪ್ಲೇಟ್. ಕೆ67ರಲ್ಲಿ ಎರಡು ಬೇರೆ ಬೇರೆ. ನನ್ನ ಕಿವಿಗೆ ಕೆ47ರ ಮಧ್ಯಸ್ತರ ಗಟ್ಟಿ. ‘ಬಾಳು’, ‘ಕಣ್ಣು’ ಎನ್ನುವಾಗ ನಾಲಿಗೆ ಮಡಚಿದ ಆ ತೂಕ ಹಾಗೇ ಉಳಿಯಿತು. ‘ಶ’ಕ್ಕೂ ‘ಷ’ಕ್ಕೂ ಇರುವ ಅಂತರ ಚುಚ್ಚದೆಯೇ ಕೇಳಿಸಿತು. ಮಾರನೆಯ ದಿನ ಫೋನಿನ ಸ್ಪೀಕರಿನಲ್ಲಿ ಕೇಳಿದಾಗಲೂ ಮಾತು ಸ್ಪಷ್ಟವಾಗಿತ್ತು. ಅದನ್ನೇ ಉಳಿಸಿಕೊಂಡೆ.

ಕೆ67ನ್ನು ಇನ್ನೊಂದು ಮೈಕಿಗೆ ಬೆಸೆದಿಟ್ಟಿದ್ದೇನೆ. ದಪ್ಪ, ಮಂಕು ಕಂಠದವರು ಓದಲು ಬಂದಾಗ ಶೆಲ್ಫ್ ಹಾಕದೆಯೇ ಅದನ್ನು ಕೊಡುತ್ತೇನೆ.