ಟಿಯರ್‌ಡ್ರಾಪ್ ಟ್ರೇಲರ್‌ನ ಹಿಂಬಾಗಿಲು: ಸೋರಿಕೆಯ ಮೂಲ ಹುಡುಕಿ ದುರಸ್ತಿ ಮಾಡುವ ಬಗೆ

ಕಾರಿನ ಹಿಂದೆ ಎಳೆದೊಯ್ಯುವ, ನೀರಹನಿಯ ಆಕಾರದ ಪುಟ್ಟ ಟಿಯರ್‌ಡ್ರಾಪ್ ಟ್ರೇಲರ್‌ನಲ್ಲಿ ಮುಂಭಾಗ ಮಲಗುವುದಕ್ಕೆ, ಹಿಂಭಾಗ ಅಡುಗೆಗೆ. ಅಡುಗೆಕಟ್ಟೆಯನ್ನು ಮುಚ್ಚುವ, ಮೇಲಕ್ಕೆತ್ತಿ ತೆರೆಯುವ ಬಾಗಿದ ಹಿಂಬಾಗಿಲು ಬಳಸಿದ ಟ್ರೇಲರ್ ಕೊಂಡವರಿಗೆ ಸಾಮಾನ್ಯವಾಗಿ ಮೊದಲು ಕೈಕೊಡುವ ಭಾಗ. ಅದರ ಕೆಳ ಅಂಚಿನ ಮರ ಲಡ್ಡು ಹಿಡಿದಿರುವುದು ಕಂಡೊಡನೆ ಅಷ್ಟನ್ನೇ ಕತ್ತರಿಸಿ ಹೊಸ ತುಂಡು ಕೂರಿಸೋಣ ಎನ್ನಿಸುವುದು ಸಹಜ. ಆದರೆ ನೀರು ಒಳಹೊಕ್ಕದ್ದು ಹೆಚ್ಚಾಗಿ ಅಲ್ಲಿಂದಲ್ಲ. ಚಾವಣಿಯೂ ಬಾಗಿಲೂ ಕೂಡುವ ಮೇಲಿನ ಕೀಲಿನ ಬಳಿ, ಸ್ಕ್ರೂ ತೂತುಗಳ ಮೂಲಕ ನುಸುಳಿ, ಹೊರಗಿನ ಅಲ್ಯೂಮಿನಿಯಂ ಹಾಳೆಗೂ ಒಳಗಿನ ಮರದ ಪಟ್ಟಿಗಳಿಗೂ ನಡುವೆ ಇಳಿದು, ಅದು ತಳದಲ್ಲಿ ಬಂದು ನಿಂತಿರುತ್ತದೆ. ಆದ್ದರಿಂದ ಕೊಳೆತ ಜಾಗ ಕೆಳಗಿದ್ದರೂ ದುರಸ್ತಿ ಮೇಲಿನಿಂದಲೇ ಶುರುವಾಗಬೇಕು.

ಮೊದಲು ಟ್ರೇಲರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಹಿಂದಿನ ಎರಡು ಮೂಲೆಗಳಿಗೂ ಆಸರೆ ನಿಲ್ಲಿಸಿ. ಕಾರಿನಿಂದ ಬಿಡಿಸಿದ ಟ್ರೇಲರ್‌ನ ಹಿಂತುದಿಯ ಮೇಲೆ ಭಾರ ಬಿದ್ದರೆ ಮುಂಭಾಗ ಎದ್ದು ಇಡೀ ಗಾಡಿಯೇ ಹಿಂದಕ್ಕೆ ವಾಲಬಹುದು. ಬಾಗಿಲಿನೊಳಗೆ ದೀಪವಿದ್ದರೆ ಬ್ಯಾಟರಿಯ ಸಂಪರ್ಕ ತಪ್ಪಿಸಿ.

ಸೋರಿಕೆಯನ್ನು ಹುಡುಕುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಲಿ. ನೀರು ಬಿಡುವುದು ಕೆಳಗಿನಿಂದ ಮೇಲಕ್ಕೆ, ಒಂದೊಂದು ಗೇಣಿನಷ್ಟು ಜಾಗಕ್ಕೆ ಕೆಲವು ನಿಮಿಷ. ಮೊದಲೇ ಮೇಲಿನಿಂದ ಸುರಿದರೆ ಎಲ್ಲವೂ ಒದ್ದೆಯಾಗಿ ಯಾವ ಸಂದಿ ಸೋರುತ್ತಿದೆ ಎಂದು ತಿಳಿಯುವುದೇ ಇಲ್ಲ. ಸುತ್ತಲಿನ ರಬ್ಬರ್ ಬೀಡಿಂಗ್ ಪರೀಕ್ಷಿಸುವುದು ಇದಕ್ಕಿಂತ ಸುಲಭ: ಒಣಗಿದ ಬೀಡಿಂಗ್ ಮೇಲೆ ಸೀಮೆಸುಣ್ಣ ಉಜ್ಜಿ, ಬಾಗಿಲು ಮುಚ್ಚಿ ತೆರೆಯಿರಿ. ಎದುರಿನ ಅಂಚಿನ ಮೇಲೆ ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಬಾಗಿಲು ಒತ್ತಿ ಕೂರುತ್ತಿಲ್ಲ.

ಇನ್ನು ಬಾಗಿಲನ್ನು ಬಿಚ್ಚುವ ಮುನ್ನ ಮಾಡಲೇಬೇಕಾದ ಒಂದು ಕೆಲಸವಿದೆ. ಅದನ್ನು ಬಿಟ್ಟರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಹೊರಹಾಳೆಯೂ ಒಳಪಟ್ಟಿಗಳೂ ಒಂದನ್ನೊಂದು ಬಿಗಿಹಿಡಿದಿರುವುದರಿಂದ ಬಾಗಿಲು ತನ್ನ ಬಾಗನ್ನು ಉಳಿಸಿಕೊಂಡಿರುತ್ತದೆ. ಒಂದನ್ನು ತೆಗೆದ ಕೂಡಲೇ ಬಾಗು ಸಡಿಲಗೊಂಡು ಬಾಗಿಲು ಸ್ವಲ್ಪ ನೆಟ್ಟಗಾಗುತ್ತದೆ, ಹಾಗೆಯೇ ಅಂಟಿಸಿಬಿಟ್ಟರೆ ಕೆಳ ಅಂಚು ಮತ್ತೆ ಗೋಡೆಗೆ ತಾಗದು. ಆದ್ದರಿಂದ ಪಕ್ಕದ ಗೋಡೆಯ ಅಂಚನ್ನು ದಪ್ಪ ರಟ್ಟಿನ ಮೇಲೆ ಗೆರೆ ಎಳೆದು ಅಚ್ಚು ಮಾಡಿಕೊಳ್ಳಿ. ಜೊತೆಗೆ ಬಾಗಿಲಿನ ಒಳಬದಿಯಲ್ಲಿ ಕೀಲಿನ ಅಂಚಿನಿಂದ ಕೆಳ ಅಂಚಿನವರೆಗೆ, ಬಿಲ್ಲಿಗೆ ಹೆದೆ ಕಟ್ಟಿದಂತೆ, ಎರಡು ಮರದ ರೀಪುಗಳನ್ನು ಸ್ಕ್ರೂ ಹಾಕಿ ನಿಲ್ಲಿಸಿ. ಆ ಬಳಿಕ ಬಾಗಿಲಿಗೆ ಗಟ್ಟಿಯಾದ ಊರುಗೋಲು ಕೊಟ್ಟು, ಬಾಗಿಲನ್ನು ಎತ್ತಿಹಿಡಿಯುವ, ಅನಿಲ ತುಂಬಿದ ಗ್ಯಾಸ್ ಸ್ಟ್ರಟ್‌ಗಳನ್ನು ಕಳಚಿ, ಕೊನೆಗೆ ಕೀಲನ್ನು ಬಿಚ್ಚಿ.

ಮರದ ಪಟ್ಟಿಗಳನ್ನು ಒಳಬದಿಯಿಂದ ಮುಚ್ಚಿರುವ ಒಳಪದರ ತೆಗೆದ ಮೇಲೆ ದಬ್ಬಳದಿಂದ ಮರವನ್ನು ಚುಚ್ಚಿ ನೋಡಿ. ಗಟ್ಟಿ ಮರದಲ್ಲಿ ಮೊನೆ ನಿಲ್ಲುತ್ತದೆ. ಲಡ್ಡಾದ ಮರದಲ್ಲಿ ಸದ್ದಿಲ್ಲದೆ ಒಳಗಿಳಿಯುತ್ತದೆ, ಮೀಟಿದರೆ ಸಿಬಿರು ಏಳುವ ಬದಲು ಪುಡಿ ಉದುರುತ್ತದೆ. ಕಪ್ಪು ಕಲೆಯಷ್ಟೇ ಇದ್ದು ಮರ ಗಟ್ಟಿಯಾಗಿದ್ದರೆ ಒಣಗಿಸಿದರೆ ಸಾಕು. ಪುಡಿಯಾಗುವ ಭಾಗವನ್ನು ಮಾತ್ರ ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ಹಾಗೆ ಕತ್ತರಿಸದೆ ಕೊಳೆತದ್ದರ ಮೇಲೆ ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಸುರಿದು ಮುಚ್ಚಿಬಿಡುವುದು ನನ್ನ ದೃಷ್ಟಿಯಲ್ಲಿ ದುರಸ್ತಿಯಲ್ಲ, ಮುಂದೂಡಿಕೆ. ಮರದ ತೇವಾಂಶ ಶೇ 20ಕ್ಕಿಂತ ಕೆಳಗಿಳಿದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲವಾದ್ದರಿಂದ ತೇವಮಾಪಕದಲ್ಲಿ ಅಳೆದು, ಅಲ್ಲಿಯವರೆಗೂ ಗಾಳಿಯಾಡುವ ನೆರಳಿನಲ್ಲಿಡಿ.

ಹೊಸ ಪ್ಲೈವುಡ್ ತುಂಡನ್ನು ಹಳೆಯದಕ್ಕೆ ನೇರವಾಗಿ ಮುಟ್ಟಿಸಿ ಅಂಟಿಸಿದರೆ ಬಾಗಿಸುವಾಗ ಜೋಡಣೆ ಬಾಯಿ ಬಿಡುತ್ತದೆ. ಎರಡೂ ಅಂಚುಗಳನ್ನು ದಪ್ಪದ 8 ಪಟ್ಟು ಉದ್ದಕ್ಕೆ ಇಳಿಜಾರಾಗಿ ಹೆರೆದು, ಅಂದರೆ 6 ಮಿಲಿಮೀಟರ್ ಪ್ಲೈವುಡ್‌ಗೆ 48 ಮಿಲಿಮೀಟರ್, ಒಂದರ ಮೇಲೊಂದು ಕೂರಿಸಿ ಎಪಾಕ್ಸಿಯಿಂದ ಅಂಟಿಸಿ. ಪ್ಲೈವುಡ್‌ನ ಮೇಲ್ಪದರದ ಮರದ ಎಳೆ ಕೀಲಿಗೆ ಸಮಾನಾಂತರವಾಗಿದ್ದರೆ ಹಾಳೆ ಸುಲಭವಾಗಿ ಬಾಗುತ್ತದೆ. ಕತ್ತರಿಸಿದ ಪ್ರತಿಯೊಂದು ಅಂಚಿಗೂ, ಪ್ರತಿಯೊಂದು ಸ್ಕ್ರೂ ತೂತಿನ ಒಳಗೋಡೆಗೂ ಎಪಾಕ್ಸಿ ಬಳಿಯಿರಿ. ರಟ್ಟಿನ ಅಚ್ಚನ್ನು ಹಿಡಿದು ಬಾಗು ಸರಿಯಿದೆಯೆಂದು ಖಚಿತವಾದ ಮೇಲಷ್ಟೇ ಒಳಪದರವನ್ನು ಮುಚ್ಚಿ, ರೀಪುಗಳನ್ನು ತೆಗೆಯಿರಿ.

ಕೀಲನ್ನು ಮರಳಿ ಕೂರಿಸುವಾಗ ಸಂದಿ ಮುಚ್ಚಲು ಬಳಿದ ಹಳೆಯ ಸೀಲೆಂಟನ್ನು ಪೂರ್ತಿ ಕೆರೆದು ತೆಗೆಯಬೇಕು. ಹಿಂದಿನವರು ಸಿಲಿಕೋನ್ ಬಳಿದಿದ್ದರೆ ಈ ಕೆಲಸಕ್ಕೆ ಅರ್ಧ ದಿನ ಹಿಡಿದರೂ ಅಚ್ಚರಿಯಿಲ್ಲ, ಏಕೆಂದರೆ ಅದರ ತೆಳು ಪದರ ಉಳಿದರೂ ಬೇರೆ ಯಾವ ಸೀಲೆಂಟೂ ಬಣ್ಣವೂ ಅಲ್ಲಿ ಹಿಡಿಯುವುದಿಲ್ಲ. ಕೀಲಿನ ಅಡಿಗೆ ಪೂರ್ತಿ ಗಟ್ಟಿಯಾಗದೆ ಮೆತ್ತಗೇ ಉಳಿಯುವ ಬ್ಯುಟೈಲ್ ಟೇಪ್ ಹಾಸಿ, ಸ್ಕ್ರೂಗಳನ್ನು ನಡುವಿನಿಂದ ಎರಡೂ ತುದಿಗಳ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಅಂಚಿನಲ್ಲಿ ಟೇಪ್ ಸಮನಾಗಿ ಹೊರಗೆ ಉಕ್ಕಬೇಕು. ಸ್ಟೇನ್‌ಲೆಸ್ ಸ್ಕ್ರೂ ಅಲ್ಯೂಮಿನಿಯಂಗೆ ನೇರವಾಗಿ ತಾಗಿ ನಡುವೆ ನೀರು ಸೇರಿದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿ ಏಳುತ್ತದೆ, ಆದ್ದರಿಂದ ಸ್ಕ್ರೂಗಳ ಎಳೆಗೂ ಸೀಲೆಂಟ್ ಹಚ್ಚಿ.

ಬಾಗಿಲು ತಾನಾಗಿ ಇಳಿಯುತ್ತಿದ್ದರೆ ಸ್ಟ್ರಟ್ ಬದಲಿಸಬೇಕು. ಅದರ ಬಲವನ್ನು ಊಹೆಯಿಂದ ಆರಿಸಬಾರದು. ಸ್ಟ್ರಟ್ ಇಲ್ಲದ ಬಾಗಿಲನ್ನು ಅಡ್ಡಮಟ್ಟದಲ್ಲಿ ಹಿಡಿದು, ಲಗೇಜ್ ತೂಗುವ ಕೊಕ್ಕೆತಕ್ಕಡಿಯಿಂದ ಕೆಳ ಅಂಚನ್ನು ಎತ್ತಿ ನೋಡಿ. ಕೀಲಿನಿಂದ 1.2 ಮೀಟರ್ ದೂರದಲ್ಲಿ ತಕ್ಕಡಿ 10 ಕಿಲೊ ತೋರಿಸಿದರೆ ತಿರುಗುಬಲ ಸುಮಾರು 118 ನ್ಯೂಟನ್ ಮೀಟರ್. ಸ್ಟ್ರಟ್‌ನ ನೇರದಿಂದ ಕೀಲಿಗಿರುವ ಲಂಬ ದೂರ 20 ಸೆಂಟಿಮೀಟರ್ ಆಗಿದ್ದರೆ ಒಟ್ಟು 590 ನ್ಯೂಟನ್, ಎಂದರೆ ಪ್ರತಿ ಬದಿಗೆ ಸುಮಾರು 295 ನ್ಯೂಟನ್ ಬೇಕು. ಒಳಗಿನ ಅನಿಲದ ಒತ್ತಡ ಚಳಿಯಲ್ಲಿ ಕುಗ್ಗುತ್ತದೆ. 20 ಡಿಗ್ರಿಯಲ್ಲಿ 300 ನ್ಯೂಟನ್ ಕೊಡುವ ಸ್ಟ್ರಟ್ ಸೊನ್ನೆ ಡಿಗ್ರಿಯಲ್ಲಿ ಸುಮಾರು 280 ಕೊಡುತ್ತದೆ. ಆದ್ದರಿಂದ ಲೆಕ್ಕಕ್ಕಿಂತ ತುಸು ಹೆಚ್ಚಿನದನ್ನು ಕೊಳ್ಳಿ, ಬಹಳ ಹೆಚ್ಚಿನದು ಬೇಡ: ಮುಚ್ಚಿದಾಗ ಅದು ಬಾಗಿಲಿನ ಎರಡೂ ಬದಿಗಳನ್ನು ಸದಾ ಹೊರಕ್ಕೆ ದೂಡುತ್ತಾ ಬಾಗನ್ನು ಕೆಡಿಸುತ್ತದೆ. ಬಾಗಿಲು ಮುಚ್ಚಿದಾಗ ಸ್ಟ್ರಟ್‌ನ ಕಡ್ಡಿ ಕೆಳಮುಖವಾಗಿರಲಿ, ಆಗ ಒಳಗಿನ ಎಣ್ಣೆ ಸೀಲನ್ನು ಒಣಗಲು ಬಿಡುವುದಿಲ್ಲ.

ಹೊಸ ಬೀಡಿಂಗನ್ನು ಎಳೆದು ಹಿಗ್ಗಿಸದೆ ಅಂಟಿಸಿ, ಅದರ ಕೂಡುಜಾಗ ಕೆಳ ಅಂಚಿನ ನಡುವೆ ಬರಲಿ. ಚಿಲಕ ಬೀಡಿಂಗನ್ನು ಅರ್ಧದಷ್ಟು ಒತ್ತುವಂತೆ ಹೊಂದಿಸಿ. ಸೀಲೆಂಟ್ ಡಬ್ಬಿಯ ಮೇಲೆ ಬರೆದಷ್ಟು ಸಮಯ ಒಣಗಲು ಬಿಟ್ಟು ಪೈಪಿನ ಪರೀಕ್ಷೆಯನ್ನು ಮತ್ತೆ ಮಾಡಿ, ಈ ಬಾರಿ ಕೀಲಿನ ಎರಡು ತುದಿಗಳಿಗೆ ಹೆಚ್ಚು ಹೊತ್ತು ನೀರು ಬಿಡಿ.