ಅಮೆರಿಕದಲ್ಲಿ ಡಿಸೆಬಿಲಿಟಿ ಹಣ: ಸಿಗುವುದು ಹೇಗೆ, ಟ್ಯಾಕ್ಸ್ ಬೀಳುವುದು ಯಾವಾಗ

ಅಮೆರಿಕಕ್ಕೆ ಬಂದ ಹೊಸದರಲ್ಲಿ ನಮ್ಮವರು ವೀಸಾ, ಬಾಡಿಗೆ ಮನೆ, ಮಕ್ಕಳ ಸ್ಕೂಲು ಎಲ್ಲ ವಿಚಾರಿಸುತ್ತಾರೆ. ಕಾಯಿಲೆ ಬಿದ್ದೋ ಪೆಟ್ಟಾಗಿಯೋ ಕೆಲಸ ಮಾಡಲಾಗದಾಗ ಹಣ ಕೊಡುವ ಡಿಸೆಬಿಲಿಟಿ ಇನ್ಶೂರೆನ್ಸ್ ಬಗ್ಗೆ ಕೇಳುವವರು ಕಡಿಮೆ. ಕೇಳುವ ಹೊತ್ತಿಗೆ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿರುತ್ತಾರೆ. ಆಗ 'ಈ ದುಡ್ಡಿಗೂ ಟ್ಯಾಕ್ಸ್ ಕಟ್ಟಬೇಕಾ?' ಅನ್ನುವ ಪ್ರಶ್ನೆ ಏಳುತ್ತದೆ. ಬಹಳ ಸಲ ಅದರ ಉತ್ತರ ನೀವು ಗಟ್ಟಿಮುಟ್ಟಾಗಿದ್ದಾಗಲೇ ತೀರ್ಮಾನವಾಗಿರುತ್ತದೆ. ಅದಕ್ಕೇ ಈಗಲೇ ತಿಳಿದುಕೊಳ್ಳಿ ಅಂತ ಹೇಳುತ್ತಿದ್ದೇನೆ.

ಮೊದಲು ಕಂಪನಿಯ ಪಾಲಿಸಿ ನೋಡೋಣ. ಪ್ರೀಮಿಯಂ ಯಾರು ಕಟ್ಟಿದರು, ಆ ದುಡ್ಡಿಗೆ ಆಗಲೇ ಟ್ಯಾಕ್ಸ್ ಆಗಿತ್ತಾ ಅನ್ನುವುದೇ ಇಲ್ಲಿನ ಲೆಕ್ಕ. ಕಂಪನಿಯೇ ಕಟ್ಟಿದ್ದು, ಅದನ್ನು ನಿಮ್ಮ ಆದಾಯಕ್ಕೆ ಸೇರಿಸದೆ ಇದ್ದರೆ ನಾಳೆ ಬರುವ ಹಣಕ್ಕೆ ಟ್ಯಾಕ್ಸ್ ಇದೆ. ನಿಮ್ಮ ಸಂಬಳದಿಂದಲೇ, ಆದರೆ ಟ್ಯಾಕ್ಸ್ ಹಿಡಿಯುವ ಮುಂಚೆಯೇ, ಅಂದರೆ ಪ್ರೀ-ಟ್ಯಾಕ್ಸ್ ಆಗಿ ಹೋಗಿದ್ದರೂ ಟ್ಯಾಕ್ಸ್ ಇದೆ. ಪೂರ್ತಿ ಪ್ರೀಮಿಯಂ ಪೋಸ್ಟ್-ಟ್ಯಾಕ್ಸ್ ಆಗಿ ನೀವೇ ಕಟ್ಟಿದ್ದರೆ ಇಲ್ಲ. ಇಬ್ಬರೂ ಸೇರಿ ಕಟ್ಟಿದ್ದರೆ ಕಂಪನಿಯ ಪಾಲಿಗೆ ತಕ್ಕಷ್ಟು.

ಒಂದು ಉದಾಹರಣೆ ಹಾಕಿ ನೋಡಿ. ತಿಂಗಳಿಗೆ 8,000 ಡಾಲರ್ ಸಂಬಳ, ಪಾಲಿಸಿ ಕೊಡುವುದು ಅದರ 60%, ಅಂದರೆ 4,800. ಪ್ರೀಮಿಯಂ 40 ಡಾಲರ್ ಅಂತಿಟ್ಟುಕೊಳ್ಳಿ. ಪ್ರೀ-ಟ್ಯಾಕ್ಸ್ ಆರಿಸಿದರೆ ತಿಂಗಳಿಗೆ ಹತ್ತು-ಹನ್ನೆರಡು ಡಾಲರ್ ಉಳಿಯಬಹುದು. ಅಷ್ಟು ಉಳಿತಾಯಕ್ಕೋಸ್ಕರ, ಕಾಯಿಲೆ ಬಿದ್ದ ದಿನ 4,800 ಪೂರ್ತಿ ಟ್ಯಾಕ್ಸಿಗೆ ಒಳಗಾಗುತ್ತದೆ. ಆಯ್ಕೆ ಇದ್ದರೆ ನಾನಂತೂ ಪೋಸ್ಟ್-ಟ್ಯಾಕ್ಸ್ ಅನ್ನೇ ಟಿಕ್ ಮಾಡಿ ಅನ್ನುತ್ತೇನೆ. ನಿಮ್ಮದು ಯಾವುದು ಅಂತ ಗೊತ್ತಿಲ್ಲವಾ? ಪೇ-ಸ್ಟಬ್ (ಸಂಬಳದ ಚೀಟಿ) ತೆಗೆದು ಎಸ್‌ಟಿಡಿ (ಅಲ್ಪಾವಧಿ ಡಿಸೆಬಿಲಿಟಿ), ಎಲ್‌ಟಿಡಿ (ದೀರ್ಘಾವಧಿ ಡಿಸೆಬಿಲಿಟಿ) ಅನ್ನುವ ಸಾಲು ಯಾವ ಕಡಿತದ ಕೆಳಗಿದೆ ನೋಡಿ. ಆ ಸಾಲೇ ಇಲ್ಲದಿದ್ದರೆ ಒಂದೋ ಕಂಪನಿ ಕಟ್ಟುತ್ತಿದೆ, ಇಲ್ಲವೇ ನಿಮಗೆ ಪಾಲಿಸಿಯೇ ಇಲ್ಲ. ಎಚ್‌ಆರ್‌ಗೆ ಇವತ್ತೇ ಒಂದು ಮೇಲ್ ಹಾಕಿ ಕೇಳಿ.

ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ರಾಜ್ಯದ್ದೇ ಡಿಸೆಬಿಲಿಟಿ ಇನ್ಶೂರೆನ್ಸ್, ಎಸ್‌ಡಿಐ ಇದೆ. ನಿಮ್ಮ ಸಂಬಳದಿಂದಲೇ ಹಿಡಿಯುತ್ತಾರೆ, ಹಾಗಾಗಿ ಕೇಳಲು ಸಂಕೋಚ ಬೇಡ. ರಾಜ್ಯದ ಉದ್ಯೋಗ ಇಲಾಖೆ ಇಡಿಡಿಯಲ್ಲಿ ಆನ್‌ಲೈನ್ ಅರ್ಜಿ, ಕೆಲಸ ನಿಲ್ಲಿಸಿದ 49 ದಿನದೊಳಗೆ. ಹೆರಿಗೆಗೂ ಸಿಗುತ್ತದೆ: ನಾರ್ಮಲ್ ಆದರೆ ಸಾಮಾನ್ಯವಾಗಿ ಹೆರಿಗೆಯ ನಂತರ ಆರು ವಾರ, ಸಿಸೇರಿಯನ್ ಆದರೆ ಎಂಟು. ನಿರುದ್ಯೋಗ ಭತ್ಯೆಯ ಬದಲಿಗೆ ಕೊಟ್ಟ ಹಣ ಅಲ್ಲದಿದ್ದರೆ ಇದಕ್ಕೆ ಟ್ಯಾಕ್ಸ್ ಇಲ್ಲ. ಕೆಲಸದ ಜಾಗದಲ್ಲೇ ಪೆಟ್ಟಾಗಿ ವರ್ಕರ್ಸ್ ಕಾಂಪೆನ್ಸೇಷನ್ ಬಂದರೆ ಅದಕ್ಕೂ ಇಲ್ಲ.

ಇನ್ನು ದೊಡ್ಡದು, ಕೇಂದ್ರ ಸರ್ಕಾರದ ಎಸ್‌ಎಸ್‌ಡಿಐ, ಅಂದರೆ ಸೋಷಿಯಲ್ ಸೆಕ್ಯೂರಿಟಿಯ ಡಿಸೆಬಿಲಿಟಿ ಇನ್ಶೂರೆನ್ಸ್. ಎಚ್1ಬಿ ವೀಸಾದವರಿಗೆ ಇದು ಸಿಗುವುದೇ ಇಲ್ಲ ಅನ್ನುವ ಮಾತು ನಮ್ಮಲ್ಲಿ ಓಡಾಡುತ್ತದೆ. ಅದು ತಪ್ಪು. ನೀವು ಸಂಬಳದ 6.2% ಸೋಷಿಯಲ್ ಸೆಕ್ಯೂರಿಟಿಗೆ ಕಟ್ಟುತ್ತಿದ್ದೀರಿ. ಕಾನೂನುಬದ್ಧವಾಗಿ ಇಲ್ಲಿದ್ದು, ಸಾಕಷ್ಟು ಕ್ರೆಡಿಟ್ (ಈ ತೆರಿಗೆ ಕಟ್ಟಿ ದುಡಿದಿದ್ದಕ್ಕೆ ಸಿಗುವ ಅಂಕ) ಇದ್ದರೆ ಅರ್ಜಿ ಹಾಕಬಹುದು. ವರ್ಷಕ್ಕೆ ಹೆಚ್ಚೆಂದರೆ 4 ಕ್ರೆಡಿಟ್. 31 ದಾಟಿದವರಿಗೆ ಕಳೆದ 10 ವರ್ಷದಲ್ಲಿ ಕನಿಷ್ಠ 20 ಬೇಕು, ವಯಸ್ಸು ಹೆಚ್ಚಿದಂತೆ ಒಟ್ಟು ಕ್ರೆಡಿಟ್ ಜಾಸ್ತಿ ಕೇಳುತ್ತಾರೆ, ಚಿಕ್ಕವರಿಗೆ ಕಡಿಮೆ ಸಾಕು. ಓಪಿಟಿಯಲ್ಲಿ, ಅಂದರೆ ಸ್ಟೂಡೆಂಟ್ ವೀಸಾದಲ್ಲಿದ್ದುಕೊಂಡೇ ದುಡಿದ ವರ್ಷಗಳನ್ನು ಇದರಲ್ಲಿ ಎಣಿಸಬೇಡಿ. ಆಗ ಸಾಮಾನ್ಯವಾಗಿ ಈ ತೆರಿಗೆ ಹಿಡಿದಿರುವುದಿಲ್ಲ, ಹಾಗಾಗಿ ಕ್ರೆಡಿಟ್ಟೂ ಇಲ್ಲ. ಭಾರತದ ಪಿಎಫ್ ವರ್ಷಗಳೂ ಸೇರುವುದಿಲ್ಲ, ಎರಡು ದೇಶಗಳ ನಡುವೆ ಅಂಥ ಒಪ್ಪಂದವಿಲ್ಲ.

ಕಾಯಿಲೆ ಕನಿಷ್ಠ 12 ತಿಂಗಳು ಇರುವಂಥದ್ದು ಅಥವಾ ಪ್ರಾಣಕ್ಕೇ ಕುತ್ತಾಗುವಂಥದ್ದು ಆಗಿರಬೇಕು. ಮೊದಲ ಐದು ಪೂರ್ತಿ ತಿಂಗಳಿಗೆ ಹಣ ಬರುವುದಿಲ್ಲ. ಅರ್ಜಿ ಆನ್‌ಲೈನ್ ಹಾಕಬಹುದು, ಸೋಷಿಯಲ್ ಸೆಕ್ಯೂರಿಟಿಯವರ 1-800-772-1213ಕ್ಕೆ ಫೋನೂ ಮಾಡಬಹುದು. ದುಭಾಷಿ ಬೇಕು ಅಂದರೆ ಅವರೇ ಪುಕ್ಕಟೆ ಕೊಡುತ್ತಾರೆ.

ಅರ್ಜಿಯಲ್ಲಿ ನಮ್ಮವರು ಎಡವುವ ಜಾಗ ಒಂದಿದೆ. ಡಾಕ್ಟರು 'ಹೇಗಿದ್ದೀರಿ?' ಅಂದ ತಕ್ಷಣ ನಾವು 'ಪರವಾಗಿಲ್ಲ, ಚೆನ್ನಾಗಿದ್ದೀನಿ' ಅಂದುಬಿಡುತ್ತೇವೆ. ಅದು ಮರ್ಯಾದೆಯ ಮಾತು. ಡಾಕ್ಟರು ಮಾತ್ರ ಅದನ್ನೇ ಫೈಲಿನಲ್ಲಿ ಬರೆದುಕೊಳ್ಳುತ್ತಾರೆ, ಅರ್ಜಿ ಪರಿಶೀಲಿಸುವವರು ಆ ಫೈಲನ್ನೇ ಓದುತ್ತಾರೆ. ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ. ಎಷ್ಟು ನಿಮಿಷ ಕೂರಲು ಆಗುತ್ತದೆ, ಎಷ್ಟು ತೂಕ ಎತ್ತಬಲ್ಲಿರಿ, ರಾತ್ರಿ ನಿದ್ದೆ ಬರುತ್ತದಾ, ಎಲ್ಲ. ಬೆಂಗಳೂರಲ್ಲೋ ಮೈಸೂರಲ್ಲೋ ಚಿಕಿತ್ಸೆ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ ತರಿಸಿಟ್ಟುಕೊಳ್ಳಿ. ಮೊದಲ ಸಲ ಬಹಳ ಜನರಿಗೆ 'ಇಲ್ಲ' ಅನ್ನುವ ಪತ್ರವೇ ಬರುತ್ತದೆ. ಧೈರ್ಯಗೆಡಬೇಡಿ, 60 ದಿನದೊಳಗೆ ಅಪೀಲು ಹಾಕಿ.

ಎಸ್‌ಎಸ್‌ಡಿಐಗೆ ಟ್ಯಾಕ್ಸ್ ಮನೆಯ ಒಟ್ಟು ಆದಾಯದ ಮೇಲೆ. ವರ್ಷದಲ್ಲಿ ಬಂದ ಎಸ್‌ಎಸ್‌ಡಿಐನ ಅರ್ಧಕ್ಕೆ ಉಳಿದ ಆದಾಯ ಮತ್ತು ತೆರಿಗೆ ಇಲ್ಲದ ಬಡ್ಡಿ ಕೂಡಿಸಿ. ಒಬ್ಬರೇ ಆದರೆ 25,000, ಗಂಡ-ಹೆಂಡತಿ ಜಂಟಿಯಾಗಿ ಫೈಲ್ ಮಾಡಿದರೆ 32,000 ಡಾಲರ್ ದಾಟದಿದ್ದರೆ ಟ್ಯಾಕ್ಸ್ ಇಲ್ಲ. ದಾಟಿದರೆ 50%ವರೆಗೆ, 34,000 ಅಥವಾ ಜಂಟಿಗೆ 44,000 ದಾಟಿದರೆ 85%ವರೆಗೆ ಆದಾಯಕ್ಕೆ ಸೇರುತ್ತದೆ. ಗಾಬರಿ ಬೇಡ, 85% ಟ್ಯಾಕ್ಸ್ ಅಂತಲ್ಲ. ತಿಂಗಳಿಗೆ 2,000 ಬರುವ ಒಬ್ಬರಿಗೆ ಬೇರೆ ಆದಾಯ ಇಲ್ಲದಿದ್ದರೆ ಏನೂ ಕಟ್ಟಬೇಕಿಲ್ಲ. ಅದೇ ಮನೆಯಲ್ಲಿ ಹೆಂಡತಿಯ ಸಂಬಳ 70,000 ಇದ್ದರೆ, 24,000ದಲ್ಲಿ 20,400 ಆದಾಯಕ್ಕೆ ಸೇರಿ ನಿಮ್ಮ ದರದಲ್ಲಿ ಟ್ಯಾಕ್ಸ್ ಬೀಳುತ್ತದೆ. ಹಳೆಯ ವರ್ಷಗಳ ಬಾಕಿ ಒಟ್ಟಿಗೆ ಬಂದರೆ 'ಲಂಪ್-ಸಮ್ ಎಲೆಕ್ಷನ್' ಬಗ್ಗೆ ಸಿಪಿಎಯನ್ನು (ಟ್ಯಾಕ್ಸ್ ಲೆಕ್ಕ ನೋಡುವ ಅಕೌಂಟೆಂಟ್) ಕೇಳಿ. ಆಯಾ ವರ್ಷದ ಆದಾಯದ ಮೇಲೆ ಲೆಕ್ಕ ಹಾಕಬಹುದು, ಹಳೆಯ ರಿಟರ್ನ್ ತಿದ್ದಬೇಕಾಗಿಲ್ಲ. ಆ ಬಾಕಿ ಹಣ ಮಾತ್ರ ತಕ್ಷಣ ಖರ್ಚು ಮಾಡಬೇಡಿ. ಕಂಪನಿಯ ಎಲ್‌ಟಿಡಿಯನ್ನೂ ಪಡೆಯುತ್ತಿದ್ದರೆ, ಇನ್ಶೂರೆನ್ಸಿನವರು ಸಾಮಾನ್ಯವಾಗಿ ಆ ಬಾಕಿ ಹಣದಲ್ಲಿ ದೊಡ್ಡ ಪಾಲು ವಾಪಸ್ ಕೇಳುತ್ತಾರೆ.

ಎಸ್‌ಎಸ್‌ಐ ಅನ್ನುವುದು ಬೇರೆಯೇ. ಅದು ಬಡವರಿಗೆ ಕೊಡುವ ನೆರವು, ಟ್ಯಾಕ್ಸ್ ಇಲ್ಲ, ಆದರೆ ವೀಸಾದಲ್ಲಿರುವವರಿಗೆ ಸಿಗುವುದಿಲ್ಲ. ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್ ಬಂದ ಕೂಡಲೇ ಅರ್ಜಿ ಹಾಕೋಣ ಅಂತ ಹೊರಡಬೇಡಿ, ಮೊದಲು ಇಮಿಗ್ರೇಷನ್ ವಕೀಲರನ್ನು ಕಾಣಿ. ಎಸ್‌ಎಸ್‌ಡಿಐ ಬರುತ್ತಿದ್ದು, ಆರೈಕೆಗೆ ಅಂತ ಊರಿಗೆ ಹೋಗುವ ಯೋಚನೆ ಇದ್ದರೂ ಟಿಕೆಟ್ ಮಾಡುವ ಮುಂಚೆ ಸೋಷಿಯಲ್ ಸೆಕ್ಯೂರಿಟಿ ಆಫೀಸಿನಲ್ಲಿ ವಿಚಾರಿಸಿ. ನಾಗರಿಕರಲ್ಲದವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಹಣ ನಿಂತುಹೋಗಬಹುದು.